ಸಭೆಗೆ ಸ್ವರ ಕೊಡುವ ಆರು ತಂತಿ

ಭಾನುವಾರದ ಬಲಿಪೂಜೆಯಲ್ಲಿ ಪರಮಪ್ರಸಾದ ಹಂಚುವ ಹೊತ್ತು. ಬೆಂಚುಗಳ ನಡುವಿನ ಹಾದಿಯಲ್ಲಿ ಜನ ಕೈಮುಗಿದು ಸಾಲಾಗಿ ಪೀಠದತ್ತ ಸಾಗುತ್ತಿರುತ್ತಾರೆ. ಪಕ್ಕದ ಮೂಲೆಯಲ್ಲಿ ಗಾಯನ ಮಂಡಳಿ ಹಾಡುತ್ತಿರುತ್ತದೆ. ಆ ಗುಂಪಿನಲ್ಲಿ ಗಿಟಾರ್ ಹಿಡಿದು ಕೂತವರನ್ನು ಗಮನಿಸಿ. ಅವರ ಕಣ್ಣು ಆಗಾಗ ಹಾಡಿನ ಪುಸ್ತಕ ಬಿಟ್ಟು ಸಾಲಿನ ತುದಿಗೆ ಹೋಗಿ ಬರುತ್ತದೆ. ಇನ್ನೂ ನಲವತ್ತು ಜನ ಇದ್ದರೆ ಮತ್ತೊಂದು ಚರಣ ಎತ್ತಿಕೊಳ್ಳಬೇಕು. ನಾಲ್ಕೇ ಜನ ಉಳಿದಿದ್ದರೆ ಪಲ್ಲವಿಗೆ ಮರಳಿ ಮುಗಿತಾಯಕ್ಕೆ ಸಿದ್ಧವಾಗಬೇಕು. ಕೊನೆಯವರು ತಮ್ಮ ಜಾಗಕ್ಕೆ ಬಂದು ಮೊಣಕಾಲೂರುವಷ್ಟರಲ್ಲಿ ಹಾಡು ನಿಂತಿರಬೇಕು, ನಡುವೆ ಕತ್ತರಿಸಿದಂತೆ ಕೇಳಿಸಲೂ ಬಾರದು. ಅದಕ್ಕೆ ಒಂದು ಕಣ್ಸನ್ನೆ ಸಾಕು. ಇಡೀ ಮಂಡಳಿಗೆ ತಿಳಿದುಬಿಡುತ್ತದೆ.

ವೇದಿಕೆಯ ಮೇಲೆ ಗಿಟಾರ್ ನುಡಿಸುವವರಿಗೆ ಈ ಲೆಕ್ಕಾಚಾರ ಬೇಕಿಲ್ಲ. ಅಲ್ಲಿ ನುಡಿಸುವವರು ನುಡಿಸುತ್ತಾರೆ, ಕೇಳುವವರು ಕೇಳುತ್ತಾರೆ. ಚರ್ಚಿನಲ್ಲಿ ಹಾಡಬೇಕಾದವರೇ ಎದುರಿಗೆ ಕೂತ ಜನ. ಅವರಲ್ಲಿ ಸಂಗೀತ ಕಲಿತವರಿದ್ದಾರೆ, ಸ್ವರ ಹಿಡಿಯಲು ಕಷ್ಟಪಡುವವರಿದ್ದಾರೆ, ಪುಸ್ತಕದ ಅಕ್ಷರ ಕಾಣದ ಅಜ್ಜಿಯರಿದ್ದಾರೆ, ಮೊದಲ ಸಲ ಬಂದ ಅತಿಥಿಗಳಿದ್ದಾರೆ. ಇವರೆಲ್ಲರ ದನಿಯನ್ನು ಒಂದೇ ಶ್ರುತಿ, ಒಂದೇ ನಡೆಗೆ ತಂದು ನಿಲ್ಲಿಸುವುದು ಆ ಮೂಲೆಯ ನಾಲ್ಕೈದು ಗೆಳೆಯರ ಕೆಲಸ. ಆರ್ಗನ್ ಕೊಳ್ಳುವ ಶಕ್ತಿಯಿಲ್ಲದ, ಕಲಿತ ವಾದಕರು ಸಿಗದ ನೂರಾರು ಊರುಗಳಲ್ಲಿ ಈ ಕೆಲಸವನ್ನು ಹೊತ್ತು ನಡೆಸಿದ ವಾದ್ಯ ಅಕೌಸ್ಟಿಕ್ ಗಿಟಾರ್. ಅದು ಚರ್ಚಿಗೆ ಬಂದ ದಾರಿ ಮತ್ತು ಅಲ್ಲಿ ದುಡಿಯುವ ಬಗೆ ಎರಡೂ ತಿಳಿಯಬೇಕಾದವು.

ಓಬರ್ನ್‌ಡಾರ್ಫ್‌ನ ಇಬ್ಬರು ಸ್ನೇಹಿತರು

ಆಸ್ಟ್ರಿಯಾದ ಸಾಲ್ಜ್‌ಬರ್ಗ್‌ಗೆ ಹತ್ತಿರದ ಓಬರ್ನ್‌ಡಾರ್ಫ್ ನದಿ ದಡದ ಊರು. ಉಪ್ಪು ಸಾಗಿಸುವ ದೋಣಿಗಳನ್ನೇ ನೆಚ್ಚಿಕೊಂಡಿದ್ದ ಕುಟುಂಬಗಳು ಅಲ್ಲಿದ್ದವು. ಅಲ್ಲಿನ ಸಂತ ನಿಕೋಲಾಸರ ಚರ್ಚಿನಲ್ಲಿ ಯೋಸೆಫ್ ಮೋರ್ ಎಂಬ ತರುಣ ಸಹಾಯಕ ಗುರು ಇದ್ದರು. ಪಕ್ಕದ ಆರ್ನ್ಸ್‌ಡಾರ್ಫ್‌ನ ಶಾಲಾ ಮೇಷ್ಟ್ರು ಫ್ರಾಂಜ್ ಗ್ರೂಬರ್ ಅದೇ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದರು. 1818ರ ಡಿಸೆಂಬರ್ 24ರಂದು ಮೋರ್ ತಾವು ಎರಡು ವರ್ಷ ಹಿಂದೆ ಬರೆದಿಟ್ಟಿದ್ದ ಕವಿತೆಯೊಂದನ್ನು ಗ್ರೂಬರ್ ಕೈಗೆ ಕೊಟ್ಟು, ಇಬ್ಬರು ಗಾಯಕರು, ಒಂದು ಗಾಯನ ಮಂಡಳಿ ಮತ್ತು ಗಿಟಾರ್‌ಗೆ ಹೊಂದುವಂತೆ ರಾಗ ಹಾಕಿಕೊಡಲು ಕೇಳಿದರು. ಅದೇ ರಾತ್ರಿ ಮೋರ್ ಗಿಟಾರ್ ನುಡಿಸುತ್ತ ಮೇಲಿನ ಸ್ವರದಲ್ಲಿ, ಗ್ರೂಬರ್ ಕೆಳಗಿನ ಸ್ವರದಲ್ಲಿ ಹಾಡಿದರು. ಜಗತ್ತು ಇಂದು 'ಸೈಲೆಂಟ್ ನೈಟ್' ಎಂದು ಹಾಡುವುದು ಆ ಹಾಡನ್ನೇ.

ಆರ್ಗನ್‌ನ ತಿದಿಯನ್ನು ಇಲಿಗಳು ಕಡಿದಿದ್ದರಿಂದ ಗಿಟಾರ್ ಹಿಡಿಯಬೇಕಾಯಿತು ಎಂಬ ಕಥೆ ಬಹಳ ಪ್ರಚಾರದಲ್ಲಿದೆ. ಅದಕ್ಕೆ ದಾಖಲೆಯ ಆಧಾರವಿಲ್ಲ. ಗ್ರೂಬರ್ 1854ರಲ್ಲಿ ತಮ್ಮ ಕೈಯಾರೆ ಬರೆದಿಟ್ಟ ವಿವರದಲ್ಲಿ ಇಲಿಯೂ ಇಲ್ಲ, ಕೆಟ್ಟ ಆರ್ಗನ್ನೂ ಇಲ್ಲ. ಗಿಟಾರ್‌ಗೆಂದೇ ರಾಗ ಕೇಳಿದ್ದರು ಎಂಬ ಮಾತಷ್ಟೇ ಇದೆ. ಇಬ್ಬರು ಸ್ನೇಹಿತರು ಬೇಕೆಂದೇ ಆರಿಸಿಕೊಂಡ ವಾದ್ಯ ಅದು. ಮೋರ್ ಅವರ ಆ ಗಿಟಾರ್ ಈಗ ಹಾಲೈನ್ ಪಟ್ಟಣದ ಸಂಗ್ರಹಾಲಯದಲ್ಲಿದೆ. ಕ್ರೈಸ್ತರ ಅತಿ ಪರಿಚಿತ ಹಾಡೊಂದು ಗಿಟಾರ್ ಜೊತೆಯಲ್ಲೇ ಹುಟ್ಟಿತು ಎಂಬುದನ್ನು 'ಚರ್ಚಿಗೆ ಗಿಟಾರ್ ಸಲ್ಲದು' ಎನ್ನುವವರಿಗೆ ನೆನಪಿಸಬೇಕಾಗುತ್ತದೆ.

ಬಾಗಿಲು ತೆರೆದ ವರ್ಷ

ಆದರೂ ಆ ರಾತ್ರಿಯ ನಂತರ ಗಿಟಾರ್‌ಗೆ ಚರ್ಚಿನಲ್ಲಿ ಖಾಯಂ ಜಾಗ ಸಿಗಲಿಲ್ಲ. ಕಥೋಲಿಕ ಚರ್ಚಿನ ಪೂಜೆ ಲ್ಯಾಟಿನ್‌ನಲ್ಲಿತ್ತು; ಅದರ ಸಂಗೀತವೆಂದರೆ ಗ್ರೆಗೋರಿಯನ್ ಗಾಯನ, ವಾದ್ಯವೆಂದರೆ ಆರ್ಗನ್. 1903ರಲ್ಲಿ 10ನೇ ಪೋಪ್ ಪಿಯುಸ್ ಹೊರಡಿಸಿದ ಆದೇಶ ಪಿಯಾನೊವನ್ನೂ ಡೋಲು, ತಾಳದಂಥ ಗದ್ದಲದ ವಾದ್ಯಗಳನ್ನೂ ಹೊರಗಿಟ್ಟಿತು. ಹಾಡುವುದು ಮಂಡಳಿಯ ಕೆಲಸ, ಕೇಳುವುದು ಜನರ ಪಾಲು ಎಂಬ ರೂಢಿ ಬೇರೂರಿತ್ತು.

ಬದಲಾವಣೆ ಬಂದದ್ದು 2ನೇ ವ್ಯಾಟಿಕನ್ ಮಹಾಸಭೆಯಿಂದ. 1963ರ ಡಿಸೆಂಬರ್ 4ರಂದು ಹೊರಬಂದ ಆರಾಧನಾವಿಧಿಯ ಸಂವಿಧಾನ, ಜನರು ಪೂಜೆಯಲ್ಲಿ ಪೂರ್ಣವಾಗಿ ಪಾಲ್ಗೊಳ್ಳಬೇಕು ಎಂಬುದನ್ನು ನಡುಮನೆಗೆ ತಂದಿತು. ಜನರ ಭಾಷೆಗೆ ಅವಕಾಶ ಕೊಟ್ಟಿತು. ಪೈಪ್ ಆರ್ಗನ್‌ಗೆ ಹಿರಿಯ ಸ್ಥಾನ ಉಳಿಸಿಕೊಂಡೇ, ಪವಿತ್ರ ಬಳಕೆಗೆ ಒಗ್ಗುವ ಬೇರೆ ವಾದ್ಯಗಳನ್ನು ಆಯಾ ಪ್ರದೇಶದ ಚರ್ಚಿನ ಅಧಿಕಾರಿಗಳ ಒಪ್ಪಿಗೆಯಿಂದ ತರಬಹುದು ಎಂದಿತು. ಕಾಲವೂ ಅದಕ್ಕೆ ಹೊಂದಿಬಂತು. ಅದೇ ಡಿಸೆಂಬರ್‌ನಲ್ಲಿ ಬೆಲ್ಜಿಯಂನ ಒಬ್ಬ ಡೊಮಿನಿಕನ್ ಸನ್ಯಾಸಿನಿ ಗಿಟಾರ್ ಹಿಡಿದು ಹಾಡಿದ 'ಡೊಮಿನಿಕ್' ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತ್ತು. 1965ರ ಮಾರ್ಚ್ 7ರಂದು 6ನೇ ಪೋಪ್ ಪೌಲ್ ರೋಮ್‌ನ ಚರ್ಚೊಂದರಲ್ಲಿ ಇಟಾಲಿಯನ್ ಭಾಷೆಯಲ್ಲೇ ಪೂಜೆ ಅರ್ಪಿಸಿದರು.

ಪೂಜೆಯೇನೋ ಜನರ ಭಾಷೆಗೆ ಬಂತು, ಆದರೆ ಆ ಭಾಷೆಯಲ್ಲಿ ಹಾಡುಗಳೆಲ್ಲಿ? ಆ ತೆರವನ್ನು ತುಂಬಲು ಮುಂದೆ ಬಂದವರಲ್ಲಿ ಗಿಟಾರ್ ಬಲ್ಲ ಯುವಕ ಯುವತಿಯರೇ ಹೆಚ್ಚು. ಅಮೆರಿಕದಲ್ಲಿ ಜಾನಪದ ಧಾಟಿಯ 'ಫೋಕ್ ಮಾಸ್' ಹರಡಿತು. ರೇ ರೆಪ್ ಅದರ ಮೊದಲಿಗರಲ್ಲಿ ಒಬ್ಬರು. ಅರ್ಜೆಂಟೀನಾದ ಅರಿಯೆಲ್ ರಾಮಿರೆಸ್ 1964ರಲ್ಲಿ ತಮ್ಮ ನಾಡಿನ ಲಯಗಳನ್ನೂ ಗಿಟಾರ್, ಚರಾಂಗೊ ವಾದ್ಯಗಳನ್ನೂ ಬಳಸಿ 'ಮಿಸಾ ಕ್ರಿಯೋಯಾ' ಕಟ್ಟಿದರು. ಫ್ರಾನ್ಸ್‌ನ ತೆಜೆ ಎಂಬ ಹಳ್ಳಿಯ ಪ್ರಾರ್ಥನಾ ಸಮುದಾಯಕ್ಕೆ ನಾನಾ ದೇಶದ ತರುಣರು ಬರುತ್ತಿದ್ದರು. ಅವರಿಗೆ ಸಮಾನ ಭಾಷೆ ಇರಲಿಲ್ಲ. ಝಾಕ್ ಬೆರ್ತಿಯೆ ಎಂಬ ಸಂಗೀತಗಾರ ಒಂದೆರಡೇ ಸಾಲುಗಳನ್ನು ಮತ್ತೆ ಮತ್ತೆ ಹಾಡುವ ಸರಳ ಗೀತೆಗಳನ್ನು ಅವರಿಗಾಗಿ ರಚಿಸಿದರು. ಒಂದು ಗಿಟಾರ್ ಮೆಲ್ಲಗೆ ತಂತಿ ಬಿಡಿಸುತ್ತಿದ್ದರೆ ಸಾಕು, ನೂರು ಜನ ಅರ್ಧ ಗಂಟೆ ಧ್ಯಾನಮಗ್ನರಾಗಿ ಹಾಡಬಲ್ಲ ರಚನೆಗಳವು. ಪ್ರೊಟೆಸ್ಟಂಟ್ ಸಭೆಗಳಲ್ಲೂ 60ರ ದಶಕದ ಕೊನೆಯ ಕ್ಯಾಲಿಫೋರ್ನಿಯಾದ ಯುವ ಚಳವಳಿಯಿಂದ ಗಿಟಾರ್ ಆರಾಧನೆಯ ವಾದ್ಯವಾಯಿತು.

ಕರಾವಳಿಯಲ್ಲಿ, ಕನ್ನಡದಲ್ಲಿ

ನಮ್ಮ ನಾಡಿನಲ್ಲಿ ಗಿಟಾರ್ ಬರುವ ಮೊದಲೇ ಚರ್ಚಿನ ಸಂಗೀತದ ನೆಲ ಹದವಾಗಿತ್ತು. ಗೋವಾದ ಚರ್ಚುಗಳಿಗೆ ಸೇರಿದ ಶಾಲೆಗಳು 16ನೇ ಶತಮಾನದಿಂದಲೇ ಮಕ್ಕಳಿಗೆ ಸ್ವರ ಓದಲು, ಮುಂದೆ ಪಿಟೀಲು ನುಡಿಸಲು ಕಲಿಸಿದವು. ಅಲ್ಲಿಂದ ದಕ್ಷಿಣಕ್ಕೆ ಬಂದು ನೆಲೆಸಿದ ಮಂಗಳೂರು ಸೀಮೆಯ ಕೊಂಕಣಿ ಕಥೋಲಿಕರು ಹಾಡಿನ ಆಸೆಯನ್ನೂ ಜೊತೆಗೆ ತಂದರು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್‌ನವರು ಜರ್ಮನ್ ಧಾಟಿಗಳಿಗೆ ಕನ್ನಡ ಸಾಹಿತ್ಯ ಕೂಡಿಸಿ ನಾಲ್ಕು ದನಿಗಳಲ್ಲಿ ಹಾಡುವ ಪದ್ಧತಿ ಬೆಳೆಸಿದರು. ನಿಘಂಟಿನ ಕಿಟ್ಟೆಲ್ ಇದೇ ಮಿಶನ್‌ನವರು; ಕನ್ನಡ ಛಂದಸ್ಸಿನಲ್ಲಿ ಕ್ರಿಸ್ತನ ಕಥೆ ಹೇಳುವ 'ಕಥಾಮಾಲೆ'ಯನ್ನು 1862ರಲ್ಲಿ ಪ್ರಕಟಿಸಿದವರೂ ಅವರೇ. ಹೀಗೆ ನಮ್ಮ ಚರ್ಚುಗಳಿಗೆ ಎರಡು ಹಾಡಿನ ಪರಂಪರೆ ಬಂತು: ಪಾಶ್ಚಾತ್ಯ ಧಾಟಿಯ ಗೀತೆ, ದೇಶಿ ರಾಗದ ಕೀರ್ತನೆ.

ಗೀತೆಗೆ ಆರ್ಗನ್ ಬೇಕು, ಕೀರ್ತನೆಗೆ ಹಾರ್ಮೋನಿಯಂ, ತಬಲಾ ಬೇಕು. ಬೆಂಗಳೂರಿನ ಸೇಂಟ್ ಮಾರ್ಕ್ಸ್ ಕೆಥೆಡ್ರಲ್‌ನಂಥ ಬೆರಳೆಣಿಕೆಯ ಚರ್ಚುಗಳಿಗಷ್ಟೇ ಪೈಪ್ ಆರ್ಗನ್ ಇರಲು ಸಾಧ್ಯ. ಉಳಿದ ಕಡೆ ಕಾಲಲ್ಲಿ ತುಳಿದು ಗಾಳಿ ಊದುವ ಸಣ್ಣ ಆರ್ಗನ್ ಇತ್ತು. ಅದು ಕೆಟ್ಟರೆ ರಿಪೇರಿ ಮಾಡುವವರು ಸಿಗುತ್ತಿರಲಿಲ್ಲ. ಪೂಜೆ ಕನ್ನಡಕ್ಕೆ, ಕೊಂಕಣಿಗೆ ಬಂದು ಹೊಸ ಹಾಡುಗಳು ಹುಟ್ಟತೊಡಗಿದ ಮೇಲೆ ಗಿಟಾರ್ ಸಹಜವಾಗಿ ಒಳಬಂತು. ಕೆಲವು ಸಾವಿರ ರೂಪಾಯಿಗೆ ಸಿಗುತ್ತದೆ, ಬಸ್ಸಿನಲ್ಲಿ ಹೆಗಲಿಗೆ ಹಾಕಿಕೊಂಡು ಬರಬಹುದು, ಕರೆಂಟು ಹೋದರೂ ನುಡಿಯುತ್ತದೆ. ಕೋಲ್ಕತ್ತಾದ ಗಿವ್ಸನ್ ಗಿಟಾರ್ ನಮ್ಮಲ್ಲಿ ಎಷ್ಟೋ ಜನರ ಮೊದಲ ವಾದ್ಯ. ಅಣ್ಣ ಕಲಿತದ್ದನ್ನು ತಮ್ಮನಿಗೆ, ಚರ್ಚಿನ ಯುವ ಸಂಘದ ಹಿರಿಯ ಕಿರಿಯರಿಗೆ ಕಲಿಸುತ್ತ ಈ ವಿದ್ಯೆ ಕೈಯಿಂದ ಕೈಗೆ ದಾಟಿತು. ಅದಕ್ಕೆ ಗುರುಕುಲವೂ ಬೇಕಾಗಲಿಲ್ಲ, ಸಂಗೀತ ಶಾಲೆಯೂ ಬೇಕಾಗಲಿಲ್ಲ.

ಶನಿವಾರ ಸಂಜೆಯ ಅಭ್ಯಾಸ

ಭಾನುವಾರ ಕೇಳಿಸುವ ಹಾಡು ಶನಿವಾರ ಸಂಜೆ ಸಿದ್ಧವಾಗುತ್ತದೆ. ಧರ್ಮೋಪದೇಶದ ತರಗತಿ ನಡೆಯುವ ಕೋಣೆ, ಅಲ್ಲಿನ ಉದ್ದ ಬೆಂಚುಗಳು, ಕರಿಹಲಗೆಯ ಮೇಲೆ ಮರುದಿನದ ಹಾಡುಗಳ ಪಟ್ಟಿ: ಪ್ರವೇಶ ಗೀತೆ, ಮಹಿಮಾ ಗೀತೆ, ವಾಚನಗಳ ನಡುವಿನ ಕೀರ್ತನೆ, ಕಾಣಿಕೆ ಗೀತೆ, ಪರಮಪ್ರಸಾದದ ಗೀತೆ, ಕೊನೆಯ ಹಾಡು. ಒಂದೊಂದಕ್ಕೂ ಅದರದೇ ಕೆಲಸವಿದೆ. ಪ್ರವೇಶ ಗೀತೆ ಚದುರಿ ಬಂದ ಜನರನ್ನು ಒಂದು ಸಭೆಯಾಗಿ ಕೂಡಿಸಬೇಕು, ಆದ್ದರಿಂದ ಅದರ ನಡೆ ಗಟ್ಟಿ. ಕೀರ್ತನೆಯಲ್ಲಿ ಒಬ್ಬರು ಶ್ಲೋಕ ಹಾಡುತ್ತಾರೆ, ಜನ ಪಲ್ಲವಿಯಲ್ಲಿ ಓಗೊಡುತ್ತಾರೆ. ಶ್ಲೋಕದುದ್ದಕ್ಕೂ ಗಿಟಾರ್ ಹಿಂದೆ ಸರಿದು ಮಾತಿಗೆ ಜಾಗ ಬಿಡಬೇಕು, ಪಲ್ಲವಿಗೆ ಮೊದಲು ಒಂದು ಕಾರ್ಡ್‌ನಿಂದ, ಅಂದರೆ ಒಟ್ಟಿಗೆ ನುಡಿಯುವ ಸ್ವರಗುಚ್ಛದಿಂದ, ಜನರನ್ನು ಕರೆಯಬೇಕು.

ಅಭ್ಯಾಸ ಶುರುವಾಗುವುದು ಶ್ರುತಿಯ ಚರ್ಚೆಯಿಂದ. ಗಿಟಾರ್ ಕಲಿತ ಹುಡುಗನಿಗೆ ಡಿ ಕಾರ್ಡ್ ಇಷ್ಟ, ಅದರ ಹಿಡಿತ ಸುಲಭ, ದನಿ ಥಳಥಳಿಸುತ್ತದೆ. ಹಾಡುವ ಅಕ್ಕ ಅವನನ್ನು ತಡೆಯುತ್ತಾಳೆ: "ಸ್ವಲ್ಪ ಕೆಳಗೆ ಇಡು ಮಗಾ, ಹಿಂದಿನ ಬೆಂಚಿನವರಿಗೆ ಅಷ್ಟು ಮೇಲೆ ಹೋಗ್ಲಿಕ್ಕಾಗುದಿಲ್ಲ." ಈ ಒಂದು ಮಾತಿನಲ್ಲಿ ಚರ್ಚಿನ ಸಂಗೀತದ ಮೊದಲ ಪಾಠವಿದೆ. ನುಡಿಸುವವನಿಗೆ ಹಿತವಾದ ಶ್ರುತಿಗಿಂತ ಸಭೆಗೆ ಎಟುಕುವ ಶ್ರುತಿ ಮುಖ್ಯ. ಗಂಡಸರು, ಹೆಂಗಸರು, ಮಕ್ಕಳು ಒಟ್ಟಿಗೆ ಹಾಡುವಾಗ ಎಲ್ಲರಿಗೂ ನಿಲುಕುವ ಹರವು ಒಂದು ಸ್ಥಾಯಿಗಿಂತ ಹೆಚ್ಚೇನಿಲ್ಲ.

ಇಲ್ಲಿ ನೆರವಿಗೆ ಬರುವುದು ಕ್ಯಾಪೋ ಎಂಬ ಪುಟ್ಟ ಹಿಡಿಕೆ. ಅದನ್ನು ಗಿಟಾರ್‌ನ ಕುತ್ತಿಗೆಯ ಅಡ್ಡಪಟ್ಟಿಗಳಲ್ಲಿ, ಅಂದರೆ ಫ್ರೆಟ್‌ಗಳಲ್ಲಿ, ಒಂದರ ಬಳಿ ಸಿಕ್ಕಿಸಿದರೆ ಆರೂ ತಂತಿಗಳು ಆ ಫ್ರೆಟ್‌ನಲ್ಲಿ ಅದುಮಿ ನಿಲ್ಲುತ್ತವೆ. ಒಂದೊಂದು ಫ್ರೆಟ್ ಮೇಲೆ ಸರಿದಂತೆ ಶ್ರುತಿ ಅರ್ಧ ಅರ್ಧ ಸ್ವರ ಏರುತ್ತದೆ, ಬೆರಳಿನ ಹಿಡಿತ ಮಾತ್ರ ಅದೇ. ಹಾರ್ಮೋನಿಯಂ ಹಿಡಿದ ಅಂಕಲ್ "ಕಪ್ಪು ಎರಡರಲ್ಲಿ ಹಾಡುವ" ಎಂದರೆ ಗಿಟಾರ್‌ನವರು ಮೂರನೇ ಫ್ರೆಟ್‌ಗೆ ಕ್ಯಾಪೋ ಹಾಕಿ ಸಿ ಹಿಡಿತದಲ್ಲೇ ನುಡಿಸುತ್ತಾರೆ. ಯಕ್ಷಗಾನದ ಭಾಗವತರ ಬಾಯಲ್ಲೂ ಶ್ರುತಿಗೆ ಇದೇ ಬಿಳಿ-ಕಪ್ಪಿನ ಲೆಕ್ಕ; ಕರಾವಳಿಯ ಚರ್ಚಿನ ಕೋಣೆಯಲ್ಲಿ ಅದು ಕ್ಯಾಪೋದ ಲೆಕ್ಕದ ಜೊತೆ ಕೂಡಿಕೊಳ್ಳುತ್ತದೆ.

ಗುಂಪಿನಲ್ಲಿ ಇಬ್ಬರು ಗಿಟಾರ್ ನುಡಿಸುವವರಿದ್ದರೆ ಇನ್ನೊಂದು ಉಪಾಯವಿದೆ. ಇಬ್ಬರೂ ಒಂದೇ ಕಾರ್ಡ್ ಒಂದೇ ಜಾಗದಲ್ಲಿ ಹಿಡಿದರೆ ಸದ್ದು ಇಮ್ಮಡಿಯಾಗುತ್ತದೆ, ಸೊಗಸು ಇಮ್ಮಡಿಯಾಗುವುದಿಲ್ಲ. ಒಬ್ಬರು ಜಿ, ಸಿ, ಡಿ ಕಾರ್ಡ್‌ಗಳನ್ನು ಮಾಮೂಲಿ ಜಾಗದಲ್ಲಿ ಹಿಡಿಯಲಿ. ಇನ್ನೊಬ್ಬರು ಐದನೇ ಫ್ರೆಟ್‌ನಲ್ಲಿ ಕ್ಯಾಪೋ ಹಾಕಿ ಡಿ, ಜಿ, ಎ ಹಿಡಿತಗಳನ್ನು ಬಳಸಲಿ. ಎರಡೂ ಅವೇ ಕಾರ್ಡ್‌ಗಳು, ಆದರೆ ಎರಡನೆಯವರ ತಂತಿ ಎತ್ತರದ ಸ್ಥಾಯಿಯಲ್ಲಿ ಮಿನುಗುತ್ತದೆ. ಒಬ್ಬರು ಲಯ ಹಿಡಿದು ಮೀಟಿದರೆ ಇನ್ನೊಬ್ಬರು ಒಂದೊಂದೇ ತಂತಿ ಬಿಡಿಸಬೇಕು. ಮೂರನೆಯವರು ಕೊಳಲೋ ಪಿಟೀಲೋ ನುಡಿಸುವವರಾದರೆ ಹಾಡಿನ ಸಾಲುಗಳ ನಡುವಿನ ಉಸಿರಿನಲ್ಲಷ್ಟೇ ಅವರ ಪ್ರವೇಶ.

ಹೀಗೆ ಪಾಲು ಹಂಚಿಕೊಳ್ಳುವುದು ಹೇಳಿದಷ್ಟು ಸುಲಭವಲ್ಲ. ಹದಿಹರೆಯದ ಹುಡುಗನಿಗೆ ತಾನು ಕಲಿತ ಹೊಸ ಕೈಚಳಕವನ್ನು ತೋರಿಸುವ ಆಸೆ ಇದ್ದೇ ಇರುತ್ತದೆ. ಗೆಳೆಯರ ಗುಂಪು ಅದನ್ನು ಗದರಿ ಅಡಗಿಸುವುದಿಲ್ಲ, ಅದಕ್ಕೊಂದು ಜಾಗ ಹುಡುಕಿಕೊಡುತ್ತದೆ: ಕಾಣಿಕೆ ಗೀತೆ ಮುಗಿದ ಮೇಲೂ ಪೀಠದಲ್ಲಿ ಸಿದ್ಧತೆ ನಡೆಯುತ್ತಿದ್ದರೆ ಆ ಅರ್ಧ ನಿಮಿಷ ನಿನ್ನದು, ನುಡಿಸು ಎನ್ನುತ್ತದೆ. ತನಗೆ ಸಿಕ್ಕ ಅರ್ಧ ನಿಮಿಷದ ಬೆಲೆ ತಿಳಿದವನು ಉಳಿದ ಹೊತ್ತು ಇತರರಿಗೆ ಕಿವಿಗೊಡುತ್ತಾನೆ. ಸಂಗೀತದ ಪರೀಕ್ಷೆ ಕಟ್ಟಿ ಪಾಸಾದವರಿಗೂ ಸುಲಭವಾಗಿ ಬಾರದ ಈ ಕಿವಿ ಚರ್ಚಿನ ಗುಂಪಿನಲ್ಲಿ ಬೆಳೆದವರಿಗೆ ಬರುತ್ತದೆ. ಆಮೇಲೆ ಅವರು ಯಾವ ಊರಿಗೆ ಓದಲು, ದುಡಿಯಲು ಹೋದರೂ, ಕೊಲ್ಲಿ ರಾಷ್ಟ್ರದ ಶುಕ್ರವಾರದ ಪೂಜೆಯಲ್ಲಿ ಸಿಗುವ ಅಪರಿಚಿತರ ಜೊತೆಯೂ ಹತ್ತು ನಿಮಿಷದಲ್ಲಿ ಹೊಂದಿಕೊಂಡು ನುಡಿಸಬಲ್ಲರು.

ರಾಗಕ್ಕೆ ಒಗ್ಗುವ ಬಗೆ

ಗಿಟಾರ್‌ನ ಬಗ್ಗೆ ಒಂದು ಗಂಭೀರ ಆಕ್ಷೇಪವಿದೆ. ಅದು ಪರದೇಶದ ವಾದ್ಯ, ನಮ್ಮ ಕೀರ್ತನೆ-ಭಜನೆಗಳ ರಾಗಭಾವವನ್ನು ಕೆಡಿಸುತ್ತದೆ ಎಂಬುದು ಆ ಆಕ್ಷೇಪ. ಡಿ. ಎಸ್. ಅಮಲೋರ್ಪವದಾಸ್ 1967ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ರಾಷ್ಟ್ರೀಯ ಬೈಬಲ್, ಧರ್ಮೋಪದೇಶ ಮತ್ತು ಆರಾಧನಾ ಕೇಂದ್ರವು ಆರತಿ, ಭಜನೆ, ನೆಲದ ಮೇಲೆ ಕೂತು ಮಾಡುವ ಪ್ರಾರ್ಥನೆಗಳ ಮೂಲಕ ಆರಾಧನೆಯನ್ನು ಈ ನೆಲಕ್ಕೆ ಒಗ್ಗಿಸಲು ಶ್ರಮಿಸಿತು. ಆ ಕಾಳಜಿ ಸರಿಯಾದದ್ದು. ಕೀರ್ತನೆಗೆ ಕಣ್ಣುಮುಚ್ಚಿ ಕಾರ್ಡ್ ಹೊಡೆದರೆ ರಾಗ ಕೆಡುವುದೂ ನಿಜ.

ಆದರೆ ತಿಳಿದು ನುಡಿಸುವವರಿಗೆ ದಾರಿಯಿದೆ. ಶಂಕರಾಭರಣದ ಸ್ವರಗಳು ಪಾಶ್ಚಾತ್ಯ ಮೇಜರ್ ಸ್ಕೇಲ್‌ನ ಸ್ವರಗಳೇ, ಅಲ್ಲಿ ಕಾರ್ಡ್‌ಗಳು ಸರಾಗ. ಮೋಹನದಲ್ಲಿ ಮಧ್ಯಮ, ನಿಷಾದ ಇಲ್ಲ. ಸಿ ಶ್ರುತಿಯಲ್ಲಿ ಹಾಡುವಾಗ ಎಫ್ ಕಾರ್ಡ್ ಹಿಡಿದರೆ ಮಧ್ಯಮ, ಜಿ ಕಾರ್ಡ್ ಹಿಡಿದರೆ ನಿಷಾದ ಒಳಗೆ ನುಗ್ಗುತ್ತದೆ. ಪೂರ್ತಿ ರಾಗದೊಳಗೇ ಇರುವ ಕಾರ್ಡ್‌ಗಳು ಸಿ ಮತ್ತು ಎ ಮೈನರ್ ಎರಡೇ. ಮಾಯಾಮಾಳವಗೌಳದಂಥ ರಾಗದಲ್ಲಿ ಕಾರ್ಡ್‌ಗಳ ಆಸೆ ಬಿಟ್ಟು ಷಡ್ಜ-ಪಂಚಮಗಳನ್ನಷ್ಟೇ ಮೀಟುತ್ತ ಶ್ರುತಿ ಕೊಡುವುದು ಒಳ್ಳೆಯದು. ಇಂಗ್ಲೆಂಡಿನ ಡೇವಿ ಗ್ರೇಮ್ 60ರ ದಶಕದ ಆರಂಭದಲ್ಲಿ ಬಳಕೆಗೆ ತಂದ ಒಂದು ಶ್ರುತಿಕ್ರಮ ಇದಕ್ಕೆ ಹೇಳಿಮಾಡಿಸಿದಂತಿದೆ. ಮೊದಲ, ಎರಡನೆಯ ಹಾಗೂ ಆರನೆಯ ತಂತಿಗಳನ್ನು ಒಂದೊಂದು ಪೂರ್ಣ ಸ್ವರ ಇಳಿಸಿದರೆ ಬಿಟ್ಟ ತಂತಿಗಳು ಡಿ, ಎ, ಡಿ, ಜಿ, ಎ, ಡಿ ಎಂದು ನುಡಿಯುತ್ತವೆ. ಜಿ ತಂತಿಯನ್ನು ಮುಟ್ಟದೆ ಬಿಟ್ಟರೆ ಉಳಿದದ್ದೆಲ್ಲ ಷಡ್ಜ, ಪಂಚಮ. ಹಾರ್ಮೋನಿಯಂ ಕೀರ್ತನೆಯನ್ನು ನಡೆಸುತ್ತಿರುವಾಗ ಗಿಟಾರ್ ಹೀಗೆ ತಂಬೂರಿಯ ಕೆಲಸ ವಹಿಸಿಕೊಳ್ಳಬಹುದು. ನಮ್ಮ ಎರಡು ಪರಂಪರೆಗಳಲ್ಲಿ ಒಂದನ್ನು ಬಿಟ್ಟು ಇನ್ನೊಂದನ್ನು ಆರಿಸಬೇಕಾದ ಇಕ್ಕಟ್ಟು ಇಲ್ಲ. ಯಾವ ಹಾಡಿಗೆ ಮುಂದೆ ನಿಲ್ಲಬೇಕು, ಯಾವುದಕ್ಕೆ ಹಿಂದೆ ಸರಿಯಬೇಕು ಎಂಬ ವಿವೇಕ ಬೇಕು.

ನುಡಿಸದಿರುವುದೂ ಸೇವೆ

ಆ ವಿವೇಕಕ್ಕೆ ಪೂಜಾವರ್ಷವೇ ಶಿಸ್ತು ಕಲಿಸುತ್ತದೆ. ಕ್ರಿಸ್ಮಸ್‌ಗೆ ಮೊದಲಿನ ಆಗಮನ ಕಾಲದಲ್ಲಿ ವಾದ್ಯಗಳು ಮಿತವಾಗಿರಬೇಕು. ಪಾಸ್ಖಕ್ಕೆ, ಅಂದರೆ ಈಸ್ಟರ್‌ಗೆ, ಮೊದಲಿನ ತಪಸ್ಸುಕಾಲದಲ್ಲಿ ಗಾಯನಕ್ಕೆ ಆಧಾರವಾಗಿ ಮಾತ್ರ ವಾದ್ಯ. ಬರಿಯ ವಾದ್ಯಸಂಗೀತಕ್ಕೆ ನಾಲ್ಕನೇ ಭಾನುವಾರ ಹಾಗೂ ಮಹೋತ್ಸವ, ಹಬ್ಬಗಳಂದಷ್ಟೇ ವಿನಾಯಿತಿ. ಮಹಿಮಾ ಗೀತೆ, ಅಲ್ಲೆಲೂಯ ನಿಂತುಹೋಗುತ್ತವೆ. ಪವಿತ್ರ ಗುರುವಾರದ ಪೂಜೆಯಲ್ಲಿ ಗಂಟೆಗಳ ನಾದದೊಂದಿಗೆ ಮಹಿಮಾ ಗೀತೆ ಮೊಳಗುತ್ತದೆ. ಆಮೇಲೆ ಗಂಟೆಗಳು ಮೌನ. ಶುಭ ಶುಕ್ರವಾರ ಅನೇಕ ಚರ್ಚುಗಳಲ್ಲಿ ಗಿಟಾರ್ ಚೀಲದಿಂದ ಹೊರಬರುವುದೇ ಇಲ್ಲ, ಜನ ಬರಿಯ ದನಿಯಲ್ಲಿ ಹಾಡುತ್ತಾರೆ. ಶನಿವಾರ ರಾತ್ರಿಯ ಪಾಸ್ಖ ಜಾಗರಣೆಯಲ್ಲಿ ಮಹಿಮಾ ಗೀತೆ ಮತ್ತೆ ಎದ್ದಾಗ ಗಂಟೆಗಳೂ ತಂತಿಗಳೂ ಒಟ್ಟಿಗೆ ನುಡಿಯುತ್ತವೆ. ತಪಸ್ಸುಕಾಲದುದ್ದಕ್ಕೂ ಬಿಗಿಹಿಡಿದಿದ್ದ ಕೈಗಳಿಗೆ ಆ ಒಂದು ಕಾರ್ಡ್ ಕೊಡುವ ಸಂತೋಷ ಯಾವ ಕಛೇರಿಯಲ್ಲೂ ಸಿಗದು.

ಕಟ್ಟಡವೂ ಒಬ್ಬ ಶಿಕ್ಷಕ. ಎತ್ತರದ ಚಾವಣಿಯ ಹಳೆಯ ಚರ್ಚುಗಳಲ್ಲಿ ಪ್ರತಿಧ್ವನಿ ಹೆಚ್ಚು. ಅಲ್ಲಿ ಬಿರುಸಾಗಿ ಮೀಟಿದರೆ ಒಂದು ಹೊಡೆತ ಇನ್ನೊಂದರ ಮೇಲೆ ಬಿದ್ದು ಸಾಹಿತ್ಯ ಕಲಸಿಹೋಗುತ್ತದೆ. ಅನುಭವಿಗಳು ಅಲ್ಲಿ ಹೊಡೆತ ಕಡಿಮೆ ಮಾಡಿ ನಡುವೆ ತೆರವು ಬಿಡುತ್ತಾರೆ. ಹೊಸ ಹಾಡು ಕಲಿಸುವಾಗ ಹಾಡಿನ ಕೊನೆಯ ಸಾಲನ್ನು ಪೀಠಿಕೆಯಾಗಿ ನುಡಿಸುತ್ತಾರೆ. ಜನರ ಕಿವಿಗೆ ಶ್ರುತಿ, ನಡೆ, ಎಲ್ಲಿ ಎತ್ತಿಕೊಳ್ಳಬೇಕೆಂಬ ಸೂಚನೆ ಮೂರೂ ಸಿಗುತ್ತವೆ.

ಮಳೆ, ಮರ, ತಂತಿ

ಗಿಟಾರ್ ಮರದ ವಾದ್ಯ, ಕರಾವಳಿಯ ಹವೆ ಅದಕ್ಕೆ ಕಠಿಣ. ಉಕ್ಕಿನ ಆರು ತಂತಿಗಳು ಬಿಗಿಯಾದಾಗ ಕುತ್ತಿಗೆಯ ಮೇಲೆ ಬೀಳುವ ಒಟ್ಟು ಸೆಳೆತ ಸುಮಾರು 70 ಕಿಲೋ ತೂಕದಷ್ಟು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮರ ತೇವ ಹೀರಿ ಉಬ್ಬುತ್ತದೆ, ತಂತಿಗಳು ಫ್ರೆಟ್‌ನಿಂದ ಮೇಲೆದ್ದು ಒತ್ತುವುದು ಕಷ್ಟವಾಗುತ್ತದೆ, ಬೆವರು ತಾಗಿದ ತಂತಿಗೆ ವಾರದಲ್ಲೇ ತುಕ್ಕು ಕಾಣಿಸುತ್ತದೆ. ನುಡಿಸಿದ ಮೇಲೆ ಒಣ ಬಟ್ಟೆಯಿಂದ ತಂತಿಗಳನ್ನು ಒಂದೊಂದಾಗಿ ಒರೆಸುವುದು, ಚೀಲದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಡುವುದು, ಗಿಟಾರನ್ನು ಚರ್ಚಿನ ತೇವದ ಗೋಡೆಗೆ ಒರಗಿಸದಿರುವುದು ಇಲ್ಲಿನ ತಂಡಗಳು ರೂಢಿಸಿಕೊಂಡ ಜಾಗ್ರತೆಗಳು. ಜೇಬಿನಲ್ಲಿ ಒಂದು ಬಿಡಿ ತಂತಿ ಇರಲೇಬೇಕು. ಮೊದಲ ತಂತಿ ಕಡಿಯುವುದು ಸಾಮಾನ್ಯವಾಗಿ ಹಾಡಿನ ನಡುವೆಯೇ. ಆಗ ನುಡಿಸುವವರು ನಿಲ್ಲಿಸದೆ ಉಳಿದ ಐದರಲ್ಲಿ ಹಾಡು ದಡ ಸೇರಿಸಿ, ಉಪದೇಶದ ಹೊತ್ತಿನಲ್ಲಿ ಹೊರಗೆ ಹೋಗಿ ಹೊಸ ತಂತಿ ಕಟ್ಟಿಕೊಂಡು ಬರುತ್ತಾರೆ.

ಜನರಿಗಾಗಿ ಕಾಯುವ ವಾದ್ಯ

ಈಗ ಅನೇಕ ಚರ್ಚುಗಳಲ್ಲಿ ಕೀಬೋರ್ಡ್ ಇದೆ. ಒಳ್ಳೆಯ ಕೈಗೆ ಸಿಕ್ಕರೆ ಅದೂ ಒಳ್ಳೆಯ ವಾದ್ಯವೇ. ಆದರೆ ಗುಂಡಿ ಒತ್ತಿದೊಡನೆ ಓಡುವ ಅದರ ಸಿದ್ಧ ತಾಳ, ಮೊಬೈಲ್‌ನಿಂದ ಹಾಕುವ ಟ್ರ್ಯಾಕ್ ಇವೆರಡರ ಬಗ್ಗೆ ನನಗೆ ನಿಜವಾದ ಆತಂಕವಿದೆ. ಅವು ಜನರಿಗಾಗಿ ಕಾಯುವುದಿಲ್ಲ. ಹಿರಿಯರು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ತಾಳ ಮುಂದೆ ಹೋಗಿರುತ್ತದೆ. ಅಂಥ ಕಡೆ ಸಭೆ ಮೆಲ್ಲಮೆಲ್ಲನೆ ಹಾಡುವುದನ್ನೇ ಬಿಟ್ಟು ಕೇಳಲು ಕೂರುತ್ತದೆ. ಜನ ಹಾಡಬೇಕೆಂದು 1963ರಲ್ಲಿ ತೆರೆದ ಬಾಗಿಲು ಹೀಗೆ ಸದ್ದಿಲ್ಲದೆ ಮುಚ್ಚಿಕೊಳ್ಳುತ್ತದೆ. ಮನುಷ್ಯನ ಕೈಯ ಗಿಟಾರ್ ಸಭೆಯ ಉಸಿರಿಗೆ ತಕ್ಕಂತೆ ನಿಧಾನಿಸುತ್ತದೆ, ಅಳುಕಿದ ದನಿಗಳಿಗೆ ಬಲ ಕೊಡುತ್ತದೆ, ಜನ ತಾವಾಗಿ ಎತ್ತಿಕೊಂಡಾಗ ತಗ್ಗುತ್ತದೆ.

ಆದ್ದರಿಂದ ಪ್ರತಿ ಚರ್ಚೂ ತನ್ನ ಗಿಟಾರ್ ತಂಡವನ್ನು ಜತನದಿಂದ ಬೆಳೆಸಬೇಕು. ಜಿ, ಸಿ, ಡಿ, ಇ ಮೈನರ್ ಎಂಬ ನಾಲ್ಕು ಕಾರ್ಡ್ ಕಲಿತರೆ ಹತ್ತಾರು ಗೀತೆಗಳಿಗೆ ಜೊತೆ ಕೊಡಬಹುದು. ಮೊದಲ ವಾರಗಳಲ್ಲಿ ಬೆರಳ ತುದಿ ನೋಯುತ್ತದೆ, ಆಮೇಲೆ ಚರ್ಮ ಗಟ್ಟಿಯಾಗುತ್ತದೆ. ಕಲಿಯಲು ಬಂದ ಹುಡುಗ ಹುಡುಗಿಯರಿಗೆ ಅಭ್ಯಾಸಕ್ಕೊಂದು ಕೋಣೆ, ವರ್ಷಕ್ಕೆರಡು ಸಲ ಹೊಸ ತಂತಿಗಳು, ಹಾಡಿನ ಅರ್ಥ ಬಿಡಿಸಿ ಹೇಳುವ ಒಬ್ಬ ಗುರು ಅಥವಾ ಸಭಾಪಾಲಕರು, ತಪ್ಪಿದಾಗ ಮುಖ ಸಿಂಡರಿಸದ ಹಿರಿಯರು ಇದ್ದರೆ ಉಳಿದದ್ದನ್ನು ಅವರ ಸ್ನೇಹವೇ ಕಲಿಸುತ್ತದೆ. ಬೆಂಚಿನಲ್ಲಿ ಕೂತವರ ಪಾಲೂ ಒಂದಿದೆ. ಇಷ್ಟು ದುಡಿದು ಸಿದ್ಧರಾಗಿ ಬಂದ ಆ ಗೆಳೆಯರು ಸ್ವರ ಕೊಟ್ಟಾಗ ಪುಸ್ತಕ ತೆರೆದು ಬಾಯ್ತುಂಬ ಹಾಡಬೇಕು. ಅವರು ನುಡಿಸುವುದು ಅದಕ್ಕಾಗಿಯೇ.